ಆ ಗೋಡೆ ಅವರದ್ದಲ್ಲ

ಎಲ್ಲರಿಗೂ ನಮಸ್ಕಾರ. ಪ್ರೊಜೆಕ್ಟರ್ ಕೈಕೊಟ್ಟಿದೆ, ಹಾಗಾಗಿ ಫೋಟೋ ಇಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಫೋಟೋ ಹಾಕಿದ್ದರೆ ನೀವು ಆಹಾ ಓಹೋ ಅಂದುಬಿಡುತ್ತಿದ್ದಿರಿ, ನನ್ನ ತಕರಾರು ಹಾಗೇ ಉಳಿದುಹೋಗುತ್ತಿತ್ತು.

ಆಹ್ವಾನ ಪತ್ರಿಕೆಯಲ್ಲಿ 'ಕತಾರ್ ಕೋಟೆಗಳ ಸುತ್ತ' ಅಂತ ಹಾಕಿದ್ದಾರೆ. ಅದನ್ನು ನೋಡಿ ನಮ್ಮ ಸೋದರಮಾವ ಫೋನ್ ಮಾಡಿದರು. 'ನೀನು ಗಲ್ಫ್‌ಗೆ ಯಾವಾಗ ಹೋಗಿದ್ದೆಯೋ?' ಮಾವ, ಅದು ಬೇರೆ ಕತಾರ್. ಇದು ದಕ್ಷಿಣ ಫ್ರಾನ್ಸು, ಪಿರೆನೀಸ್ ಪರ್ವತದ ತಪ್ಪಲು. ಕತಾರ್ ಅನ್ನುವುದು ಅಲ್ಲಿ 800 ವರ್ಷದ ಹಿಂದೆ ಇದ್ದ ಒಂದು ಕ್ರೈಸ್ತ ಪಂಗಡಕ್ಕೆ ಬೇರೆಯವರು ಇಟ್ಟ ಹೆಸರು. ಅವರು ತಮ್ಮನ್ನು 'ಒಳ್ಳೆಯ ಜನ', 'ಒಳ್ಳೆಯ ಕ್ರೈಸ್ತರು' ಅಂತ ಕರೆದುಕೊಳ್ಳುತ್ತಿದ್ದರು, ಅಷ್ಟೇ.

ಬೆಂಗಳೂರಿನಿಂದ ವಿಮಾನದ ಕೆಲಸಕ್ಕೆ ಅಂತ ತುಲೂಸ್‌ಗೆ ಹೋಗಿಬಂದವರು ಈ ಸಭೆಯಲ್ಲೂ ಇದ್ದೀರಿ. ನಾನೂ ಹಾಗೇ ಹೋದವನು. ಶನಿವಾರ ಬೆಳಿಗ್ಗೆ ಕಾರು ಹತ್ತಿದರೆ ಎರಡು ಗಂಟೆಯೊಳಗೆ ಮೋಂಸೆಗ್ಯೂರ್ ಬೆಟ್ಟದ ಬುಡ. ಎತ್ತರ 1207 ಮೀಟರ್, ಆದರೆ ಕಾರು ನಿಲ್ಲಿಸುವ ಜಾಗದಿಂದ ಅರ್ಧ ಗಂಟೆ ಏದುಸಿರು ಬಿಟ್ಟರೆ ಮೇಲೆ ಇರುತ್ತೀರಿ. ಪೋಪ್ ಮೂರನೇ ಇನ್ನೊಸೆಂಟ್ ಕತಾರರನ್ನು ಧರ್ಮದ್ರೋಹಿಗಳು ಅಂದು ಅವರ ಮೇಲೆ ಕಳಿಸಿದ 1209ರ ದಂಡಯಾತ್ರೆ, ಅದರಲ್ಲಿ ಆದ ಬೆಜಿಯೇ ಊರಿನ ಕಗ್ಗೊಲೆ, ಇದೆಲ್ಲ ನಿಮಗೆ ಗೊತ್ತಿರುವ ಕಥೆ. ಮತ್ತೆ ಹೇಳುವುದಿಲ್ಲ.

ತಕರಾರು ಇಷ್ಟೇ. ಮೇಲೆ ಹತ್ತಿದ ಮೇಲೆ ನೀವು ಕೈಯಿಟ್ಟು ಕಣ್ಣು ಒದ್ದೆ ಮಾಡಿಕೊಳ್ಳುತ್ತೀರಲ್ಲ, ಆ ದಪ್ಪ ಗೋಡೆ, ಅದು ಕತಾರರದ್ದಲ್ಲ. ಅವರ ಕೋಟೆ 1244ರಲ್ಲಿ ಬಿತ್ತು. ಈಗ ನಿಂತಿರುವುದು ಆಮೇಲೆ ಆ ಸೀಮೆ ಯಾರ ಕೈಗೆ ಬಂತೋ, ಆ ಲೆವಿ ಮನೆತನದವರು ಕಟ್ಟಿಸಿದ್ದು. ಲೆವಿಗಳು ಯಾರು? ದಂಡೆತ್ತಿ ಬಂದವರ ಕಡೆಯವರು! ಅಂದರೆ ಸುಟ್ಟವರ ಗೋಡೆ ತಡವಿಕೊಂಡು ಸುಟ್ಟುಹೋದವರಿಗೆ ನಾವು ಕಣ್ಣೀರು ಹಾಕುತ್ತೇವೆ.

ಪ್ರತಿ ಜೂನ್‌ನಲ್ಲಿ, ಹಗಲು ಅತಿ ಉದ್ದ ಇರುವ ದಿನ, ಅಲ್ಲಿ ಜನ ಕತ್ತಲಲ್ಲೇ ಹತ್ತಿ ಕಾಯುತ್ತಾರೆ. ಸೂರ್ಯ ಹುಟ್ಟುವಾಗ ಬುರುಜಿನ ಒಂದು ಬದಿಯ ಬಾಣದ ಕಿಂಡಿಯಿಂದ ಬಂದ ಬೆಳಕು ಇನ್ನೊಂದು ಬದಿಯ ಕಿಂಡಿಯಿಂದ ಆಚೆ ಹೋಗುತ್ತದೆ. ಚೆನ್ನಾಗಿರುತ್ತದೆ, ನಾನೂ ನೋಡಿದ್ದೇನೆ, ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಇದನ್ನು ಹಿಡಿದುಕೊಂಡು ಕತಾರರು ಸೂರ್ಯನ ಗುಡಿ ಕಟ್ಟಿದ್ದರು ಅಂತ ಬರೆದವರಿದ್ದಾರೆ. 1930ರ ದಶಕದಲ್ಲಿ ಓಟ್ಟೋ ರಾನ್ ಅಂತ ಒಬ್ಬ ಜರ್ಮನ್, ಆಮೇಲೆ ಹಿಟ್ಲರನ ಎಸ್‌ಎಸ್ ಸೇರಿದವನು, ಏಸುವಿನ ಪವಿತ್ರ ಬಟ್ಟಲಿಗೂ ಈ ಬೆಟ್ಟಕ್ಕೂ ಗಂಟು ಹಾಕಿದ. ಅಲ್ಲ ಸ್ವಾಮಿ, ಗೋಡೆಯೇ ಅವರದ್ದಲ್ಲ ಅಂದ ಮೇಲೆ ಕಿಂಡಿ ಅವರದ್ದು ಹೇಗಾಗುತ್ತದೆ?

ಹಾಗಾದರೆ ನೋಡುವುದೇನು ಅಂತೀರಾ? ಕೋಟೆಯ ಒಳಗೆ ನಿಲ್ಲಬೇಡಿ. ಗೋಡೆ ದಾಟಿ ಉತ್ತರದ ಕಡೆ ಬನ್ನಿ. ಅಲ್ಲಿ ಇಳಿಜಾರಿನಲ್ಲಿ ಮೊಣಕಾಲೆತ್ತರದ ಕಲ್ಲಿನ ಸಾಲುಗಳಿವೆ, ಮೆಟ್ಟಿಲು ಮೆಟ್ಟಿಲಾಗಿ. ಗಿಡ ಬೆಳೆದಿದೆ, ಜಾಸ್ತಿ ಜನ ಆ ಕಡೆ ತಿರುಗಿಯೂ ನೋಡುವುದಿಲ್ಲ. ಅವು ಮನೆಗಳ ಪಾಯ. ಆಗ ಊರು ಇದ್ದದ್ದು ಬೆಟ್ಟದ ಮೇಲೆಯೇ, ಬಂಡೆಗೆ ಕಚ್ಚಿಕೊಂಡು. ಒಂದು ಮನೆಯ ಅಗಲ ನಾನು ಹೆಜ್ಜೆ ಹಾಕಿ ಅಳೆದೆ, ನಾಲ್ಕು ಹೆಜ್ಜೆ ಆಯಿತು. ಐದನೆಯದು ಇಟ್ಟರೆ ಪ್ರಪಾತ.

ಈಗ ನನಗೆ ಇಷ್ಟದ ಕಥೆ. ಮೇ 1243ರಲ್ಲಿ ಮುತ್ತಿಗೆ ಶುರು. ತಿಂಗಳುಗಟ್ಟಲೆ ಕೆಳಗೆ ಸೈನ್ಯ, ಮೇಲೆ ಕತಾರರು. ಮುತ್ತಿಗೆ ಅಂದರೆ ಸುತ್ತುವರಿದು ಉಸಿರು ಕಟ್ಟಿಸುವುದು ಅಲ್ವಾ? ಇಲ್ಲಿ ಹಾಗಾಗಲಿಲ್ಲ, ಬೆಟ್ಟ ಅಷ್ಟು ದೊಡ್ಡದು, ರಾತ್ರಿ ಹೊತ್ತು ಜನ ನುಸುಳಿ ಹೋಗಿಬಂದು ಮಾಡುತ್ತಲೇ ಇದ್ದರು. ಕೊನೆಗೆ ಚಳಿಗಾಲದಲ್ಲಿ ಸೈನ್ಯದವರು ಗುಡ್ಡಗಾಡಿನ ಕೆಲವು ಆಳುಗಳನ್ನು ಕೆಲಸಕ್ಕೆ ಹಿಡಿದರು, ಜಾಗ ಬಲ್ಲವರನ್ನು. ಬೆಟ್ಟದ ಪೂರ್ವದ ತುದಿಯಲ್ಲಿ ಒಂದು ಕಾವಲು ಬಂಡೆ ಇದೆ, ಕೆಳಗೆ ನೆಟ್ಟಗೆ ಕಡಿದ ಹಾಗೆ. ಅಲ್ಲಿ ಹತ್ತಿ ಯಾರೂ ಬರಲಾರರು ಅಂತ ಮೇಲಿನವರ ನಂಬಿಕೆ. ಈ ಆಳುಗಳು ರಾತ್ರಿ ಹತ್ತಿಬಿಟ್ಟರು. ಒನಕೆ ಹಿಡಿದ ಓಬವ್ವ ಅಲ್ಲಿರಲಿಲ್ಲ ನೋಡಿ. ಕಾವಲಿನವರನ್ನು ಮುಗಿಸಿ ಜಾಗ ಹಿಡಿದರು. ಇಲ್ಲಿವರೆಗೂ ಎಲ್ಲ ಕೋಟೆಯ ಕಥೆಯೂ ಒಂದೇ. ಆದರೆ ಆ ಕಾಲದ ಚರಿತ್ರೆಕಾರ ಗಿಯೋಮ್ ದ ಪ್ಯುಲೊರಾನ್ಸ್ ಒಂದು ಮಾತು ಸೇರಿಸಿದ್ದಾನೆ. ಬೆಳಗಾದ ಮೇಲೆ ಆ ಆಳುಗಳು ತಾವು ಹತ್ತಿಬಂದ ದಾರಿ ಬಗ್ಗಿ ನೋಡಿ ನಡುಗಿದರಂತೆ. ಹಗಲಾಗಿದ್ದರೆ ಹತ್ತುತ್ತಲೇ ಇರಲಿಲ್ಲವಂತೆ. ನಾನು ಆ ತುದಿಯಲ್ಲಿ ಹೊಟ್ಟೆಯ ಮೇಲೆ ಮಲಗಿ ಬಗ್ಗಿ ನೋಡಿದ್ದೇನೆ. ನಿಂತು ನೋಡುವ ಧೈರ್ಯ ಬರಲಿಲ್ಲ. ಅವರನ್ನು ನಂಬುತ್ತೇನೆ.

ಆಮೇಲೆ ಅಲ್ಲಿಗೆ ಕಲ್ಲು ಎಸೆಯುವ ಯಂತ್ರ ಬಂತು. ಅದನ್ನು ನೋಡಿಕೊಂಡವನು ಯಾರು ಗೊತ್ತಾ, ಆಲ್ಬಿಯ ಬಿಷಪ್ಪು. ಪ್ರಾರ್ಥನೆಗಿಂತ ಯಂತ್ರದಲ್ಲಿ ಕೈ ಪಳಗಿದ್ದವನು ಅಂತ ಕಾಣುತ್ತದೆ. ಮಾರ್ಚ್ 1244ರ ಮೊದಲಲ್ಲಿ ಮೇಲಿನವರು ಸೋಲೊಪ್ಪಿದರು. ಹದಿನೈದು ದಿನದ ಗಡುವು. ನಂಬಿಕೆ ಬಿಟ್ಟವರು ಹೋಗಬಹುದು, ಬಿಡದವರಿಗೆ ಬೆಂಕಿ.

ಈ ಹದಿನೈದು ದಿನದಲ್ಲಿ ಸುಮಾರು ಇಪ್ಪತ್ತು ಜನ ಹೊಸದಾಗಿ ಕತಾರ್ ದೀಕ್ಷೆ ತೆಗೆದುಕೊಂಡರು! ಬೆಂಕಿ ಖಚಿತ ಅಂತ ಗೊತ್ತಿದ್ದೂ. ಅವರಲ್ಲಿ ಕೋಟೆಯ ಯಜಮಾನನ ಹೆಂಡತಿ ಕೋರ್ಬಾ ಒಬ್ಬಳು. ಮಾರ್ಚ್ 16ಕ್ಕೆ 200ಕ್ಕೂ ಹೆಚ್ಚು ಜನ ಬೆಂಕಿಗೆ ಹೋದರು. ಬದುಕಿ ಉಳಿದವರನ್ನು ಆಮೇಲೆ ಚರ್ಚಿನ ವಿಚಾರಣೆಗೆ ಕೂರಿಸಿದರು, ಅವರ ಹೇಳಿಕೆಗಳು ಉಳಿದಿವೆ. ಅದರಲ್ಲಿ ಒಂದು ವಿವರ ಬರುತ್ತದೆ. ಸಾಯಲು ಹೊರಟವರು ತಮ್ಮ ಹತ್ತಿರ ಇದ್ದದ್ದನ್ನು ಕೋಟೆ ಕಾದ ಸೈನಿಕರಿಗೆ ಕೊಟ್ಟುಬಿಟ್ಟರಂತೆ. ಮೇಣ, ಉಪ್ಪು, ಮೆಣಸು.

ಮೆಣಸು! ಆ ಕಾಲದ ಯುರೋಪಿನ ಕಾಳುಮೆಣಸು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ಪಡುವಣ ಕರಾವಳಿಯಿಂದ. ಘಟ್ಟದ ಯಾವುದೋ ಮರಕ್ಕೆ ಹಬ್ಬಿದ ಬಳ್ಳಿಯಿಂದ ಕಿತ್ತ ಕಾಳು ಹಡಗು, ಒಂಟೆ, ಮತ್ತೆ ಹಡಗು ದಾಟಿ, ಮುತ್ತಿಗೆ ಹಾಕಿದ ಸೈನ್ಯದ ಕಣ್ಣು ತಪ್ಪಿಸಿ 1207 ಮೀಟರ್ ಬೆಟ್ಟ ಹತ್ತಿತ್ತು ಅಂದರೆ ನೋಡಿ. ನಮ್ಮಜ್ಜಿ ಶಿರಸಿ ಕಡೆಯವರು. ಅವರಿಗೆ ಇದನ್ನು ಹೇಳಿದಾಗ ಕೇಳಿದ್ದು ಒಂದೇ, 'ಮೆಣಸು ಹಾಕಿ ಏನು ಮಾಡುತ್ತಿದ್ದರು, ಸಾರಾ?' ಆ ದೀಕ್ಷೆ ಪಡೆದವರು ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಸಾರೇ ಇರಬೇಕು ಅಜ್ಜಿ, ಅಂದೆ. ಮೀನು ತಿನ್ನುತ್ತಿದ್ದರು ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಓಹ್, ಚೀಟಿ ಬಂತು. ಹತ್ತು ನಿಮಿಷ ಅಂತೆ. ಐದು ಕೋಟೆ ಹೇಳಬೇಕು ಅಂತ ಬರೆದುಕೊಂಡು ಬಂದಿದ್ದೆ.

ಪೇರ್‌ಪೆರ್ತ್ಯೂಸ್. ಬೆಟ್ಟದ ಬೆನ್ನಿನ ಮೇಲೆ ಸುಮಾರು 300 ಮೀಟರ್ ಉದ್ದಕ್ಕೆ ಹಡಗು ನಿಂತ ಹಾಗೆ. ಮೇಲ್ಕೋಟೆಗೆ ಬಂಡೆಯಲ್ಲೇ ಕೊರೆದ ಮೆಟ್ಟಿಲು, ಹಿಡಿದುಕೊಳ್ಳಲು ಹಗ್ಗ. ಆ ಮೇಲ್ಕೋಟೆ ಫ್ರಾನ್ಸಿನ ಒಂಬತ್ತನೇ ಲೂಯಿ ರಾಜನದ್ದು. ಇದೂ ಕತಾರರದ್ದಲ್ಲ, ಹೇಳಿದೆನಲ್ಲ! ಗುಡುಗು ಮಿಂಚು ಇದ್ದರೆ ಟಿಕೆಟ್ ಕೊಡುವುದಿಲ್ಲ, ಜಗಳ ಆಡಬೇಡಿ.

ಇದು, ಕೆರಿಬ್ಯೂಸ್, ಪ್ಯುಲೊರಾನ್ಸ್, ತೆರ್ಮ್, ಅಗಿಲಾರ್, ಈ ಐದಕ್ಕೂ 'ಕಾರ್ಕಾಸೋನಿನ ಐವರು ಮಕ್ಕಳು' ಅಂತ ಹೆಸರು. ಕಾರ್ಕಾಸೋನ್ ಅಂದರೆ ಆ ಸೀಮೆಯ ದೊಡ್ಡ ಕೋಟೆ ಊರು. 1258ರಲ್ಲಿ ಕೋರ್ಬೇಯ್ ಒಪ್ಪಂದ ಆಗಿ ಫ್ರಾನ್ಸಿಗೂ, ಈಗಿನ ಸ್ಪೇನಿನ ಕಡೆಯ ಅರಾಗಾನ್ ರಾಜ್ಯಕ್ಕೂ ಗಡಿ ಇಲ್ಲೇ ಬಂತು. ಅದಕ್ಕೇ ರಾಜ ದುಡ್ಡು ಸುರಿದ. 1659ರಲ್ಲಿ ಪಿರೆನೀಸ್ ಒಪ್ಪಂದ ಆಗಿ ಗಡಿ ದಕ್ಷಿಣಕ್ಕೆ ಹೋಯಿತು, ಇವುಗಳ ಕೆಲಸವೂ ಹೋಯಿತು. ಯುದ್ಧದಲ್ಲಿ ಬಿದ್ದವಲ್ಲ ಇವು, ಹೆಚ್ಚಿನವು ನೌಕರಿ ಹೋಗಿ ಪಾಳು ಬಿದ್ದವು. ರಸ್ತೆ ಬದಿಯ ಬೋರ್ಡಿನಲ್ಲಿ ಮಾತ್ರ 'ಕತಾರ್ ನಾಡು' ಅಂತಲೇ ಇದೆ. 'ಗಡಿ ಠಾಣೆಗಳ ನಾಡು' ಅಂತ ಹಾಕಿದರೆ ಯಾರು ಬರುತ್ತಾರೆ?

ಕೆರಿಬ್ಯೂಸ್‌ಗೆ ಹೋದರೆ ಒಳಗಿನ ಕಂಬದ ಕೋಣೆ ನೋಡಿ, ಒಂದೇ ಕಂಬ, ಮೇಲೆ ಹೋಗಿ ತೆಂಗಿನ ಗರಿಯ ಹಾಗೆ ಬಿಚ್ಚಿಕೊಳ್ಳುತ್ತದೆ. ಹೊರಗೆ ಗಾಳಿ. ಗಾಳಿ ಅಂದರೆ ಸುಮ್ನೆ ಗಾಳಿ ಅಲ್ಲ, ಉತ್ತರದಿಂದ ಬೀಸುವ ತ್ರಾಮೊಂತಾನ್. ಮೇಲಿನ ತಾರಸಿಯಲ್ಲಿ ನನ್ನ ಟೋಪಿ ಹಾರಿ ದಕ್ಷಿಣದ ಬಯಲಿಗೆ ಹೋಯಿತು. 1659ರ ಹಿಂದೆ ಆಗಿದ್ದು, ಇನ್ನೂ ಸ್ವಲ್ಪ ದೂರ ಹಾರಿದ್ದರೆ ಬೇರೆ ದೇಶಕ್ಕೆ ಹೋಗಿರುತ್ತಿತ್ತು.

ಎರಡನೇ ಚೀಟಿಯೂ ಬಂತು. ಫ್ವಾ ಕೋಟೆ, ಕಾರ್ಕಾಸೋನಿನ ಚೂಪು ಛಾವಣಿಗಳ ಬಗ್ಗೆ ಇರುವ ಜಗಳ, ಎರಡನ್ನೂ ಬಿಟ್ಟೆ. ಪ್ರಶ್ನೆ ಇದ್ದರೆ ಕೇಳಿ. ಗೋಡೆ ಯಾರದ್ದು ಅಂತ ಮಾತ್ರ ಕೇಳಬೇಡಿ, ಅಧ್ಯಕ್ಷರು ಆಗಲೇ ಗಡಿಯಾರ ನೋಡುತ್ತಿದ್ದಾರೆ.