ಲ್ಯಾನ್ ಪ್ರಿಂಟರ್‌ನ ವೈಫೈಗೆ ಹಚ್ಚೂದು ಹ್ಯಾಂಗ?

ವಿಜಯಪುರದಾಗ ಗಾಂಧಿ ಚೌಕದ ಹತ್ರ ಒಂದು ಆಫೀಸ್ ಇದು. ಲೇಸರ್ ಪ್ರಿಂಟರ್ ಗಟ್ಟಿ ಐತಿ, ವೈಫೈ ಮಾತ್ರ ಇಲ್ಲ. ಹಿಂದ ನೋಡ್ರಿ, ಯುಎಸ್‌ಬಿ ಬಾಜೂಕ ಲ್ಯಾನ್ ಪೋರ್ಟ್ (ನೆಟ್‌ವರ್ಕ್ ಕೇಬಲ್ ಹಾಕೂ ಕಿಂಡಿ) ಐತಿ. ಇದಿದ್ರ ಹೊಸ ಪ್ರಿಂಟರ್ ತಗೊಳ್ಳೂ ಖರ್ಚು ಬ್ಯಾಡ್ರಿ.

ರೌಟರ್ ಅದೇ ಖೋಲಿಯೊಳಗಿದ್ರ ಒಂದು ಕ್ಯಾಟ್-6 ಕೇಬಲ್ ಸಾಕು. ರೌಟರಿನ ಲ್ಯಾನ್ ಪೋರ್ಟಿಗೇ ಹಾಕ್ರಿ, ಇಂಟರ್ನೆಟ್ ಲೈನ್ ಬರೋ ವ್ಯಾನ್‌ಗೆ ಅಲ್ಲ. ಪ್ರಿಂಟರ್ ಕೇಬಲ್ ಮ್ಯಾಲಿದ್ರೂ ವೈಫೈನಾಗಿನ ಲ್ಯಾಪ್‌ಟಾಪಿಗೆ ಸಿಗ್ತೈತಿ.

ಇಲ್ಲಿ ರೌಟರ್ ಆಚೆ ಖೋಲಿಯಾಗ ಐತಿ, ನಡುವ ದಪ್ಪ ಕಲ್ಲಿನ ಗ್ವಾಡಿ. ಅದಕ್ಕ ಕ್ಲೈಂಟ್ ಮೋಡ್ (ವೈಫೈ ಹಿಡಿದು ಕೇಬಲ್‌ಗೆ ಕೊಡೂದು) ಇರೋ ಸಣ್ಣ ರೌಟರ್ ಬೇಕು. ಟಿಪಿ-ಲಿಂಕ್ ಟಿಎಲ್-ಡಬ್ಲ್ಯೂಆರ್802ಎನ್ ಅಂಥಾದ್ದು, ಅಂಗೈಯಾಗ ಹಿಡಿತೈತಿ, 2.4 ಗಿಗಾಹರ್ಟ್ಸ್ ಮ್ಯಾಲ ನಡಿತೈತಿ. ಕಲ್ಲಿನ ಗ್ವಾಡಿ ದಾಟಾಕ 5 ಗಿಗಾಹರ್ಟ್ಸಿಗಿಂತ ಅದ ಚಲೋ. ಪ್ರಿಂಟಿಗೆ ವೇಗಕ್ಕಿಂತ ಕಡಿಯದ ಸಿಗ್ನಲ್ ಮುಖ್ಯ ನೋಡ್ರಿ. ಇದನ್ನ ಪ್ರಿಂಟರಿನ ಹಿಂದ ತುರುಕಬ್ಯಾಡ್ರಿ, 2 ಮೀಟರ್ ಕೇಬಲ್‌ನಿಂದ ಪ್ರಿಂಟರಿನ ಲ್ಯಾನ್ ಪೋರ್ಟಿಗೆ ಹಚ್ಚಿ ಎತ್ತರಕ್ಕ ಇಡ್ರಿ.

ಮೊದಲು ಅದನ್ನ ಲ್ಯಾಪ್‌ಟಾಪಿಗೆ ಹಚ್ಚಿ ಕ್ಲೈಂಟ್ ಮೋಡ್ ಆರಿಸಿ, ಆಫೀಸಿನ ವೈಫೈ ಪಾಸ್‌ವರ್ಡ್ ಕೊಡ್ರಿ. ಗೆಸ್ಟ್ ವೈಫೈ ಬ್ಯಾಡ, ಅದು ಒಂದು ಡಿವೈಸ್ ಇನ್ನೊಂದಕ್ಕ ಕಾಣದಂಗ ತಡೀತೈತಿ. ಸಣ್ಣದರಂಗ ದೊಡ್ಡ ರೌಟರಿನ ಅಡ್ರೆಸ್ಸೂ 192.168.0.1 ಇದ್ರ ಸಣ್ಣದಕ್ಕ 192.168.0.254 ಕೊಡ್ರಿ, ಇಲ್ಲಂದ್ರ ಎರಡೂ ಜಗಳಾಡ್ತಾವು.

ಈಗ ಅಸಲೀ ಕೆಲಸ. ಕರೆಂಟ್ ಹೋಗಿ ಬಂದ ಮ್ಯಾಲ ಪ್ರಿಂಟರಿಗೆ ಬ್ಯಾರೆ ಐಪಿ (ನೆಟ್‌ವರ್ಕಿನಾಗಿನ ಅಡ್ರೆಸ್) ಸಿಗಬಹುದು, ಕಂಪ್ಯೂಟರ್ ಹಳೇದನ್ನ ಹುಡುಕ್ಕೋತ 'ಆಫ್‌ಲೈನ್' ಅಂತೈತಿ. ರೌಟರಿನಾಗ ಐಪಿ ರಿಸರ್ವ್ ಮಾಡೂದು ಇಲ್ಲಿ ಭರೋಸಾ ಇಲ್ಲ, ಯಾಕಂದ್ರ ಕ್ಲೈಂಟ್ ಮೋಡಿನಾಗ ಎಷ್ಟೋ ಸಲ ಪ್ರಿಂಟರಿನ ಮ್ಯಾಕ್ (ಡಿವೈಸಿನ ಗುರುತಿನ ನಂಬರ್) ಬದಲು ಸಣ್ಣ ರೌಟರಿಂದೇ ಕಾಣ್ತೈತಿ. ಅದಕ್ಕ ಪ್ರಿಂಟರಿನ ಮೆನುವಿನಾಗ ಐಪಿ ಮ್ಯಾನುವಲ್ ಮಾಡಿ 192.168.0.240, ಸಬ್‌ನೆಟ್ 255.255.255.0, ಗೇಟ್‌ವೇ (ದೊಡ್ಡ ರೌಟರಿನ ಅಡ್ರೆಸ್) 192.168.0.1 ಬರೀರಿ. ದೊಡ್ಡ ರೌಟರಿನ ಡಿಎಚ್‌ಸಿಪಿ (ತಾನಾಗಿ ಐಪಿ ಹಂಚೂದು) 100ರಿಂದ 199ರ ಒಳಗ ಇರ್ಲಿ. ಅಂದ್ರ 240 ಬ್ಯಾರೆ ಯಾರಿಗೂ ಹೋಗೂದಿಲ್ಲ.

ವಿಂಡೋಸಿನಾಗ ತಾನಾಗಿ ಕಂಡ ಪ್ರಿಂಟರ್ ಒತ್ತಬ್ಯಾಡ್ರಿ, ಅದು ಡಬ್ಲ್ಯೂಎಸ್‌ಡಿ ಪೋರ್ಟ್ (ವಿಂಡೋಸ್ ತಾನಾಗಿ ಹುಡುಕಿ ಹಚ್ಚೂ ದಾರಿ) ಹಿಡಿಬಹುದು. ಕೈಲೆ ಸೇರಿಸೂದ್ರಾಗ ಟಿಸಿಪಿ/ಐಪಿ ಆರಿಸಿ, ಆ ಐಪಿ ಹಾಕಿ, ಪೋರ್ಟ್ 9100 ಇಡ್ರಿ. ಪಿಂಗಿಗೆ (ಡಿವೈಸ್ ಐತೇನಂತ ನೋಡೂ ಆಜ್ಞೆ) ಉತ್ತರ ಬರ್ತೈತಿ ಆದ್ರೂ ಆಫ್‌ಲೈನ್ ಅಂತೈತಿ ಅಂದ್ರ ಪೋರ್ಟ್ ಸೆಟ್ಟಿಂಗಿನಾಗ 'ಎಸ್‌ಎನ್‌ಎಂಪಿ ಸ್ಟೇಟಸ್' (ಪ್ರಿಂಟರಿನ ಸ್ಥಿತಿ ಕೇಳೂ ವ್ಯವಸ್ಥೆ) ಟಿಕ್ ತೆಗೀರಿ.

ಎರಡೂ ರೌಟರ್ ಯುಪಿಎಸ್ ಮ್ಯಾಲ ಇರ್ಲಿ. ಲೇಸರ್ ಪ್ರಿಂಟರ್ ಮಾತ್ರ ನೇರ ಗ್ವಾಡಿ ಸಾಕೆಟ್ಟಿಗೆ ಹಾಕ್ರಿ. ಒಳಗಿನ ಫ್ಯೂಸರ್ (ಶಾಯಿ ಪುಡಿ ಕಾಗದಕ್ಕ ಅಂಟಿಸೂ ಬಿಸಿ ಭಾಗ) ಕಾಯೂವಾಗ ಒಮ್ಮೆಲೇ ಎಳಿಯೂ ಕರೆಂಟ್ ಸಣ್ಣ ಯುಪಿಎಸ್ಸಿಗೆ ತಡಿಯೂದಿಲ್ಲ.