ಮೈಸೂರು ಅನ್ನೋ ಹೆಸರು ಬರೋ ಮುಂಚೆ: ಒಂದು ಕ್ರೂಸರ್ ಹಡಗಿನ ಕಥೆ

[ತೆರೆಯ ಮೇಲೆ: ಐಎನ್‌ಎಸ್ ಮೈಸೂರಿನ ಕಪ್ಪು-ಬಿಳುಪು ಫೋಟೋ]

ನಮಸ್ಕಾರ. ಈ ಹಡಗಿನ ಹೆಸರು ಐಎನ್‌ಎಸ್ ಮೈಸೂರು, ಲಾಂಛನ ಗಂಡಭೇರುಂಡ. ಆದರೆ ಇದು ಹುಟ್ಟಿದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ. 1939ರಲ್ಲಿ ನೀರಿಗಿಳಿದಾಗ ಬ್ರಿಟಿಷ್ ನೌಕಾಪಡೆ ಇದಕ್ಕಿಟ್ಟಿದ್ದ ಹೆಸರು ಎಚ್‌ಎಂಎಸ್ ನೈಜೀರಿಯಾ.

ಇದು ಲೈಟ್ ಕ್ರೂಸರ್ ಅನ್ನೋ ಬಗೆಯ ಯುದ್ಧನೌಕೆ. ಲೈಟ್ ಅಂದ್ರೆ ಹಗುರ ಹಡಗು ಅಂದ್ಕೋಬೇಡಿ, ಎಂಟು ಸಾವಿರ ಟನ್ ದಾಟುತ್ತೆ. 'ಲೈಟ್' ಅನ್ನೋದು ಫಿರಂಗಿ ಬಾಯಿಯ ಅಳತೆ ನೋಡಿ ಕೊಟ್ಟ ಹೆಸರು. ಇದರಲ್ಲಿದ್ದದ್ದು 6 ಇಂಚಿನ 12 ಫಿರಂಗಿ.

1941ರ ಜೂನ್‌ನಲ್ಲಿ ಉತ್ತರ ಧ್ರುವದ ಕಡೆಯ ಸಮುದ್ರದಲ್ಲಿ ಲಾವೆನ್‌ಬರ್ಗ್ ಅನ್ನೋ, ಹವಾಮಾನ ವರದಿ ಕಳಿಸೋ ಜರ್ಮನ್ ಹಡಗನ್ನ ಹಿಡಿದ ಪಡೆಯಲ್ಲಿ ನೈಜೀರಿಯಾನೂ ಇತ್ತು. ಅಲ್ಲಿ ಸಿಕ್ಕ ಕಾಗದಗಳು ಜರ್ಮನ್ನರ ಎನಿಗ್ಮಾ ಅನ್ನೋ ಗುಪ್ತ ಸಂಕೇತ ಒಡೆಯೋಕೆ ನೆರವಾದವು.

[ತೆರೆಯ ಮೇಲೆ: ಮೆಡಿಟರೇನಿಯನ್ ನಕ್ಷೆ, ಮಾಲ್ಟಾ ಕೆಂಪು ಚುಕ್ಕೆ]

1942ರ ಆಗಸ್ಟ್ 12. ಜರ್ಮನಿ-ಇಟಲಿಯ ಮುತ್ತಿಗೆಯಲ್ಲಿ ಸಿಕ್ಕಿಬಿದ್ದ, ಬ್ರಿಟಿಷರ ಕೈಲಿದ್ದ ಮಾಲ್ಟಾ ದ್ವೀಪದಲ್ಲಿ ಆಹಾರ, ಎಣ್ಣೆ ಎರಡೂ ತಳ ಕಂಡಿದ್ದವು. 14 ಸರಕು ಹಡಗುಗಳು ಹೊರಟಿದ್ದವು, ಜೊತೆಗೆ ಕಾವಲಿಗೆ ನೈಜೀರಿಯಾ. ಅದರಲ್ಲಿ ರಿಯರ್ ಅಡ್ಮಿರಲ್ ಹೆರಾಲ್ಡ್ ಬರೋ ಇದ್ದರು. ರಾತ್ರಿ ಎಂಟಕ್ಕೆ ಇನ್ನೇನು ಕೆಲವೇ ನಿಮಿಷ. ಇಟಲಿಯ ಆಕ್ಸುಮ್ ಜಲಾಂತರ್ಗಾಮಿ ಒಂದೇ ಸಲಕ್ಕೆ ನಾಲ್ಕು ಟಾರ್ಪೆಡೊ ಬಿಟ್ಟಿತು. ನೈಜೀರಿಯಾ, ಕಾವಲಿಗಿದ್ದ ಇನ್ನೊಂದು ಕ್ರೂಸರ್ ಕೈರೋ, ತೈಲ ಹಡಗು ಓಹಾಯೋ, ಮೂರಕ್ಕೂ ಪೆಟ್ಟು! ನೈಜೀರಿಯಾ ಒಂದು ಬದಿಗೆ ವಾಲಿತು. ಚುಕ್ಕಾಣಿ ಕಚ್ಚಿಕೊಂಡು, ಗಾಣದ ಎತ್ತಿನ ಹಾಗೆ ಇದ್ದಲ್ಲೇ ಸುತ್ತತೊಡಗಿತು. 52 ನಾವಿಕರು ಸತ್ತರು.

ಮಾಲ್ಟಾದಿಂದ ಬರೋ ಫೈಟರ್ ವಿಮಾನಗಳಿಗೆ ರೇಡಿಯೊದಲ್ಲಿ ದಾರಿ ತೋರಿಸೋ ಸಲಕರಣೆ ಆ ಪಡೆಯಲ್ಲಿ ಇದ್ದದ್ದು ನೈಜೀರಿಯಾ ಮತ್ತು ಕೈರೋದಲ್ಲಿ ಮಾತ್ರ. ಎರಡೂ ಒಟ್ಟಿಗೇ ಕಾವಲು ಬಿಡಬೇಕಾಯ್ತು. ವಿಮಾನಗಳು ತಲೆಮೇಲೆ ಬಂದರೂ ಕರೆಯೋರಿಲ್ಲ. ಆ ರಾತ್ರಿಯ ಅನಾಹುತಕ್ಕೆ ಇದೇ ಮುಖ್ಯ ಕಾರಣಗಳಲ್ಲೊಂದು ಅಂತ ನನಗನ್ನಿಸುತ್ತೆ. 14ರಲ್ಲಿ ಮಾಲ್ಟಾ ಮುಟ್ಟಿದ್ದು ಐದೇ. ಅಡ್ಮಿರಲ್ ಬರೋ ಅವರು ಅಶಾಂಟಿ ಅನ್ನೋ ಡಿಸ್ಟ್ರಾಯರ್ ಯುದ್ಧನೌಕೆ ಹತ್ತಿ ಮುಂದೆ ಹೋದರು. ನೈಜೀರಿಯಾ ಕುಂಟುತ್ತಾ ಜಿಬ್ರಾಲ್ಟರ್ ಸೇರಿತು.

ಯುದ್ಧ ಮುಗಿದ ಮೇಲೆ ಭಾರತ ಇದನ್ನ ಕೊಂಡುಕೊಂಡಿತು. ಒಂದು ಫಿರಂಗಿ ಗೋಪುರ ತೆಗೆಸಿ, 1957ರ ಆಗಸ್ಟ್ 29ರಂದು ನೌಕಾಪಡೆಗೆ ಸೇರಿಸಿಕೊಂಡಿತು.

[ತೆರೆಯ ಮೇಲೆ: ಕಾರವಾರದ ಕಡಲು]

1961ರ ಡಿಸೆಂಬರ್‌ನಲ್ಲಿ, ಗೋವಾ ವಿಮೋಚನೆಯ ಹೊತ್ತಲ್ಲಿ, ಮೈಸೂರು ಬಂದದ್ದು ನಮ್ಮ ಕಾರವಾರದ ಪಕ್ಕಕ್ಕೇ. ಪೋರ್ಚುಗೀಸರ ಕೈಲಿದ್ದ ಅಂಜದೀವ್ ದ್ವೀಪಕ್ಕೆ ತ್ರಿಶೂಲ್ ಹಡಗಿನ ನಾವಿಕರು ಇಳಿದರು. ಜೊತೆಗೆ ಮೈಸೂರು ನಿಂತಿತ್ತು. ದ್ವೀಪ ಕೈಗೆ ಬಂತು, ಏಳು ನಾವಿಕರು ಹಿಂತಿರುಗಲಿಲ್ಲ. ಕಾರವಾರಕ್ಕೆ ಹೋದಾಗ ಬಿಣಗಾ ಕಡೆಯಿಂದ ಆ ದ್ವೀಪವನ್ನ ಒಮ್ಮೆ ನೋಡಿ.

1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಮುಂದಾಳು ಹಡಗು ಇದೇ. 1985ರ ಆಗಸ್ಟ್‌ನಲ್ಲಿ ನಿವೃತ್ತಿ. ಮೈಸೂರು ಅನ್ನೋ ಹೆಸರು 1999ರಿಂದ ಒಂದು ಡಿಸ್ಟ್ರಾಯರ್ ಮೇಲಿದೆ, ಗಂಡಭೇರುಂಡದ ಸಮೇತ.