ಫಾರ್ಮ್ಯಾಟ್ ಬದಲಾದಾಗ ದನಿಗೆ ಏನಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ಆಡಿಯೋ ಫಾರ್ಮ್ಯಾಟ್, ಅಂದರೆ ದನಿಯನ್ನು ಫೈಲಿನಲ್ಲಿ ಇಡುವ ರೀತಿ, ಬದಲಿಸುವುದು ಸುಲಭದ ಕೆಲಸ. ದನಿ ತಿದ್ದುವ ಆಡಾಸಿಟಿ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆಯಿರಿ, ಎಕ್ಸ್‌ಪೋರ್ಟ್ ಆಡಿಯೋ ಒತ್ತಿ, ಬೇಕಾದ ಫಾರ್ಮ್ಯಾಟ್ ಆರಿಸಿ. ಮುಗಿಯಿತು. ಆದರೆ ಅಷ್ಟರಲ್ಲಿ ದನಿಗೆ ಏನಾಗುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಇವತ್ತು ಅದನ್ನೇ ಮಾತಾಡೋಣ.

ಫೈಲ್ ಹೆಸರಿನ ಕೊನೆಯಲ್ಲಿರುವ ವೇವ್ (wav) ಅಳಿಸಿ ಎಂಪಿ3 (mp3) ಅಂತ ಬರೆದರೆ ಫಾರ್ಮ್ಯಾಟ್ ಬದಲಾಗುವುದಿಲ್ಲ. ಒಳಗಿರುವುದು ಹಾಗೇ ಇರುತ್ತದೆ. ಕೆಲವು ಪ್ಲೇಯರ್‌ಗಳು ಹೆಸರು ನೋಡದೆ ಒಳಗಿನದನ್ನೇ ನೋಡಿ ನುಡಿಸುತ್ತವೆ. ಅದಕ್ಕೇ ಬದಲಾಯಿತು ಅನ್ನಿಸುತ್ತದೆ, ಅಷ್ಟೇ.

ಈಗ ಲೆಕ್ಕಕ್ಕೆ ಬರೋಣ. ಸಿಡಿ ಗುಣಮಟ್ಟದ ವೇವ್ ಫೈಲಿನಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದಿರುತ್ತಾರೆ. ಒಂದೊಂದು ಅಳತೆಗೂ 16 ಬಿಟ್. ಎಡ ಕಿವಿಯ ದನಿಗೊಂದು, ಬಲ ಕಿವಿಯ ದನಿಗೊಂದು. ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ. ಫ್ಲ್ಯಾಕ್ ಅನ್ನುವ ಇನ್ನೊಂದು ಫಾರ್ಮ್ಯಾಟ್ ಇದನ್ನೇ ಬಹಳಷ್ಟು ಸಲ ಅರ್ಧದ ಆಸುಪಾಸಿಗೆ ಇಳಿಸುತ್ತದೆ, ಏನನ್ನೂ ಕಳೆಯದೆ. ಬೇಕೆಂದಾಗ ಅದರಿಂದ ಮೊದಲಿನ ವೇವ್ ಹಾಗೇ ವಾಪಸ್ ಸಿಗುತ್ತದೆ.

ಎಂಪಿ3 ಹಾಗಲ್ಲ. 128 ಕೆಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 128 ಸಾವಿರ ಬಿಟ್ ಇಟ್ಟಾಗ, ನಿಮಿಷಕ್ಕೆ 1 ಎಂಬಿ ಕೂಡ ಆಗುವುದಿಲ್ಲ. ಉಳಿದದ್ದು ಎಲ್ಲಿ ಹೋಯಿತು? ಜೋರು ದನಿಯೊಂದು ಇದ್ದಾಗ ಅದರ ಪಕ್ಕದ ಮೆಲುದನಿ ನಮ್ಮ ಕಿವಿಗೆ ಕೇಳುವುದಿಲ್ಲ. ಅಂಥ ಕಡೆ ವಿವರ ಉಳಿಸುವುದು ದಂಡ ಅಂತ ಎಂಪಿ3 ಅದನ್ನು ಕೈಬಿಡುತ್ತದೆ. ಬಹಳ ಎತ್ತರದ ಸ್ವರಗಳನ್ನೂ ಬಿಡುತ್ತದೆ. ಇದು ನಿಜಕ್ಕೂ ಜಾಣ ಲೆಕ್ಕ, ನನಗೆ ಅದರ ಮೇಲೆ ಗೌರವವಿದೆ. ಆದರೆ ಹೋದದ್ದು ಮತ್ತೆ ಬರುವುದಿಲ್ಲ.

ಇದನ್ನು ಕಣ್ಣಾರೆ ನೋಡಬಹುದು. ಒಳ್ಳೆಯ ಸಂಗೀತದ ವೇವ್ ಒಂದನ್ನು ಆಡಾಸಿಟಿಯಲ್ಲಿ ತೆರೆದು, ಟ್ರ್ಯಾಕ್ ಹೆಸರಿನ ಪಕ್ಕದ ಮೆನುವಿನಲ್ಲಿ ಸ್ಪೆಕ್ಟ್ರೋಗ್ರಾಮ್ ಆರಿಸಿ. ಇದು ದನಿಯ ಚಿತ್ರ: ಕೆಳಗೆ ತಗ್ಗಿನ ಸ್ವರ, ಮೇಲೆ ಎತ್ತರದ ಸ್ವರ. ತಾಳ ತಟ್ಟಿದಾಗಲೆಲ್ಲ ಬಣ್ಣದ ಗೆರೆಗಳು ಮೇಲಿನವರೆಗೂ ಚಿಮ್ಮುತ್ತವೆ. ಅದನ್ನೇ 128ರ ಎಂಪಿ3 ಮಾಡಿ ತೆರೆದರೆ, 16 ಸಾವಿರ ಹರ್ಟ್ಸ್ ಆಸುಪಾಸಿನಲ್ಲಿ ಎಲ್ಲ ಗೆರೆಗಳೂ ಕತ್ತರಿಸಿದ ಹಾಗೆ ನಿಲ್ಲುತ್ತವೆ. ಈಗ ಆ ಎಂಪಿ3ಯನ್ನು ಫ್ಲ್ಯಾಕ್ ಮಾಡಿ. ಫೈಲ್ ದಪ್ಪವಾಗುತ್ತದೆ, ಮೇಲ್ಭಾಗ ಮಾತ್ರ ಖಾಲಿಯೇ. ಫ್ಲ್ಯಾಕ್ ಅಂತ ಬರೆದಿದ್ದೆಲ್ಲ ಅಸಲಿ ಅಲ್ಲ ಅಂತ ಗೊತ್ತಾಗುವುದು ಇಲ್ಲೇ.

ಇನ್ನೊಂದು ತೊಂದರೆ ಸದ್ದಿಲ್ಲದೆ ಆಗುತ್ತದೆ. ಎಂಪಿ3 ತೆರೆದು, ಆರಂಭದ ಕೆಮ್ಮು ಕತ್ತರಿಸಿ, ಮತ್ತೆ ಎಂಪಿ3 ಆಗಿಯೇ ಎಕ್ಸ್‌ಪೋರ್ಟ್ ಮಾಡುತ್ತೀರಿ. ಕತ್ತರಿಸಿದ್ದು ಎರಡು ಸೆಕೆಂಡ್, ಆದರೆ ಹೊಸದಾಗಿ ಎಂಪಿ3 ಮಾಡಿದ್ದರಿಂದ ಇಡೀ ಫೈಲಿನ ವಿವರ ಮತ್ತೊಮ್ಮೆ ಸೋರಿತು. ವಾರಕ್ಕೊಮ್ಮೆ ಹೀಗೆ ತಿದ್ದುತ್ತಾ ಹೋದರೆ ತಾಳದ ದನಿ ನೀರಿನಲ್ಲಿ ಅಲ್ಲಾಡಿದ ಹಾಗೆ ಕೇಳತೊಡಗುತ್ತದೆ. ಅದಕ್ಕೇ ರೆಕಾರ್ಡ್ ಮಾಡಿದ್ದನ್ನು ವೇವ್ ಅಥವಾ ಫ್ಲ್ಯಾಕ್ ಆಗಿ ಒಂದು ಕಡೆ ಇಡಿ. ತಿದ್ದುವುದು ಅದರಲ್ಲೇ. ಕೊನೆಗೆ ಒಂದೇ ಸಲ ಎಂಪಿ3 ಮಾಡಿ. ದಯವಿಟ್ಟು ಮೂಲವನ್ನು ಡಿಲೀಟ್ ಮಾಡಬೇಡಿ. ಹಿರಿಯರ ದನಿ, ಮಕ್ಕಳ ದನಿ, ಇವನ್ನು ಇನ್ನೊಮ್ಮೆ ರೆಕಾರ್ಡ್ ಮಾಡಲು ಆಗುವುದಿಲ್ಲ ಅಲ್ವಾ?

ಬರೀ ಮಾತಿನ ರೆಕಾರ್ಡಿಂಗ್ ಕಳಿಸಬೇಕಿದ್ದರೆ ಜಾಸ್ತಿ ಯೋಚನೆ ಬೇಡ. ಮೋನೋ (ಎಡ, ಬಲ ಸೇರಿಸಿ ಒಂದೇ ದನಿ) ಮಾಡಿ, 64 ಕೆಬಿಪಿಎಸ್ ಇಡಿ. ನಿಮಿಷಕ್ಕೆ ಅರ್ಧ ಎಂಬಿ. ಸುಮ್ನೆ 320 ಇಟ್ಟು ಫೈಲ್ ಭಾರ ಮಾಡುವುದರಲ್ಲಿ ಅರ್ಥವಿಲ್ಲ.

ಹಳೆಯ ಪಾಠಗಳಲ್ಲಿ ಎಂಪಿ3 ಮಾಡುವ ಲೇಮ್ ಅನ್ನುವ ಸಾಫ್ಟ್‌ವೇರನ್ನು ಬೇರೆಯಾಗಿ ಹಾಕಿಕೊಳ್ಳಿ ಅಂತ ಇರುತ್ತದೆ. ಅದು ಪೇಟೆಂಟ್ ಕಾಲದ ಮಾತು. 2017ರಲ್ಲಿ ಪೇಟೆಂಟ್ ಕಾಟ ಮುಗಿಯಿತು, ಈಗ ಲೇಮ್ ಆಡಾಸಿಟಿಯ ಒಳಗೇ ಇದೆ. ಎಂ4ಎ ಅನ್ನುವ ಇನ್ನೊಂದು ಬಗೆಯ ದನಿ ಫೈಲುಗಳಿಗೆ ಮಾತ್ರ ಸಾಮಾನ್ಯವಾಗಿ ಎಫ್‌ಎಫ್‌ಎಂಪೆಗ್ ಲೈಬ್ರರಿ (ಆಡಾಸಿಟಿಗೆ ಜೋಡಿಸುವ ಪೂರಕ ಸಾಫ್ಟ್‌ವೇರ್) ಬೇಕು. ಅದೂ ಉಚಿತ. ಇನ್ನು ಎಯುಪಿ3 ಅನ್ನುವುದು ಆಡಾಸಿಟಿಯ ಪ್ರಾಜೆಕ್ಟ್ ಫೈಲ್. ಅದನ್ನು ಯಾರಿಗೋ ಕಳಿಸಿದರೆ ಅವರ ಫೋನಿನಲ್ಲಿ ಹಾಡುವುದಿಲ್ಲ.

ವಿಡಿಯೋದಿಂದ ದನಿ ಬೇಕಿದ್ದರೆ ಆಡಾಸಿಟಿಗಿಂತ ಎಫ್‌ಎಫ್‌ಎಂಪೆಗ್ ಪ್ರೋಗ್ರಾಮ್ ಮೇಲು. ಕಮಾಂಡ್ ಟೈಪ್ ಮಾಡಬೇಕು, ಮೊದಲಿಗೆ ಸ್ವಲ್ಪ ಅಳುಕಾಗಬಹುದು. ಆದರೆ ಅದರಲ್ಲಿ ‘ಕಾಪಿ’ ಅನ್ನುವ ಆಯ್ಕೆಯಿದೆ. ಎಂಪಿ4ನಲ್ಲಿ ಸಾಮಾನ್ಯವಾಗಿ ಇರುವ ಎಎಸಿ (ಎಂಪಿ3ಯ ಹಾಗೆ ಹಿಂಡಿದ) ದನಿಯನ್ನು ಅದು ಬಿಚ್ಚದೆ, ಮತ್ತೆ ಹಿಂಡದೆ, ಇದ್ದ ಹಾಗೇ ಎತ್ತಿ ಎಂ4ಎ ಫೈಲಿನಲ್ಲಿ ಇಡುತ್ತದೆ. ದೊಡ್ಡ ಫೈಲೂ ಬೇಗ ಮುಗಿಯುತ್ತದೆ, ದನಿ ಒಂದಿಷ್ಟೂ ಸೋರುವುದಿಲ್ಲ.